ಇಂದ್ರಿಯ ಎಣಿಸುತ್ತಿದ್ದ ಮನೆ

ಪಾಣೆಮಂಗಳೂರಿನಲ್ಲಿರುವ ನನ್ನ ತಂಗಿ ಸುಮತಿ ಮೊನ್ನೆ ಫೋನಿಗೆ ಒಂದು ಚಿತ್ರ ಕಳುಹಿಸಿದ್ದಳು. ತಟ್ಟೆಯಲ್ಲಿ ರವೆ, ರವೆಯ ಮೇಲೆ ಒಂದು ಕಪ್ಪು ಹುಳು, ಕೆಳಗೆ "ಎಷ್ಟು?" ಎಂಬ ಪ್ರಶ್ನೆ. ನಾನು "ಮೂರು" ಎಂದು ಬರೆದೆ. ಅವಳು ನಗುವ ಮುಖಗಳ ಒಂದು ಸಾಲನ್ನೇ ಕಳುಹಿಸಿದಳು. ನಮ್ಮಿಬ್ಬರಿಗೂ ಈಗ ಮಂಡಿನೋವು ಬಂದಿದೆ, ಸಕ್ಕರೆಯ ಮಾತ್ರೆ ಬಂದಿದೆ, ಆದರೂ ಹುಳ ಕಂಡರೆ ಅದಕ್ಕೆ ಎಷ್ಟು ಇಂದ್ರಿಯ ಎಂದು ಎಣಿಸುವ ಚಟ ಬಿಟ್ಟಿಲ್ಲ. ಈ ಚಟ ಹತ್ತಿಸಿದ್ದು ಮೂಡುಬಿದಿರೆಯ ಜೈನಪೇಟೆಯಲ್ಲಿದ್ದ ನಮ್ಮ ಅಜ್ಜಿ. ಸುಮತಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅದು ನಮ್ಮ ಮನೆಯವರಿಗೆ ಮೊದಲು ತಿಳಿದದ್ದು ಡಾಕ್ಟರರಿಂದಲ್ಲ, ಅಜ್ಜಿಯ ಈ ಎಣಿಕೆಯಿಂದ. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಆದ್ದರಿಂದ ಬರೆದಿಡುತ್ತಿದ್ದೇನೆ.

ನಮ್ಮ ಪದ್ಧತಿಯಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುವಂಥದ್ದು. ಅಮ್ಮ ಮದುವೆಯಾದ ಮೇಲೂ ತನ್ನ ತಾಯಿಯ ಮನೆಯಲ್ಲೇ ಇದ್ದಳು. ಅವಳ ಅಣ್ಣ, ಅಂದರೆ ನಮ್ಮ ಮಾವ, ಮನೆಯ ಯಜಮಾನರು. ಅಪ್ಪ ಬೆಳ್ತಂಗಡಿಯಲ್ಲಿ ಕೆಲಸದಲ್ಲಿದ್ದರು, ಶನಿವಾರದ ಬಸ್ಸಿಗೆ ಬಂದು ನೆಂಟರ ಹಾಗೆ ಚಾವಡಿಯಲ್ಲಿ ಕೂತು ಸೋಮವಾರ ಹೊರಡುತ್ತಿದ್ದರು. ಮಾವ ಯಜಮಾನರಾದರೂ ಅವರ ಅಧಿಕಾರ ಚಾವಡಿಯ ಹೊಸ್ತಿಲಿಗೆ ಮುಗಿಯುತ್ತಿತ್ತು. ಅಲ್ಲಿಂದ ಒಳಗೆ ಅಜ್ಜಿಯ ರಾಜ್ಯ. ಅಡುಗೆಮನೆಯ ಹಿಂದೆ ಬಾವಿ, ಪಕ್ಕದಲ್ಲಿ ಬಚ್ಚಲು, ಮೇಲೆ ಮರದ ಹಲಗೆಯ ಉಪ್ಪರಿಗೆ. ಉಪ್ಪರಿಗೆಯಲ್ಲಿ ಅಮ್ಮ, ನಾನು, ಸುಮತಿ ಮಲಗುತ್ತಿದ್ದೆವು. ಯಾರು ಎಲ್ಲಿ ನಡೆದರೂ ಹಲಗೆ ಕಿರ್ ಎನ್ನುತ್ತಿತ್ತು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಮುಟ್ಟುವಂತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಹಿಂಡಿ ಒಗೆದುಬಿಡುವಂತೆಯೂ ಇರಲಿಲ್ಲ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಕೊಡಪಾನದಲ್ಲಿ ಇಳಿಸಿ ಅದೇ ಬಾವಿಗೆ ಬಿಡಬೇಕು. ಬೇರೆ ಬಾವಿಗೆ ಬಿಟ್ಟರೆ ಅವುಗಳಿಗೆ ನೀರು ಒಗ್ಗದೆ ಸಾಯುತ್ತವಂತೆ. ಪಕ್ಕದ ಮನೆಯ ಬಾವಿಗೂ ನಮ್ಮ ಬಾವಿಗೂ ನಡುವೆ ಇದ್ದದ್ದು ಒಂದು ಗೋಡೆ. ಆದರೂ ಅಲ್ಲಿಯವರು ಅಲ್ಲಿಗೆ, ಇಲ್ಲಿಯವರು ಇಲ್ಲಿಗೆ.

ಉಳಿದ ನಿಯಮಗಳನ್ನು ಹೇಳಿದರೆ ನಿಮಗೆ ನಮ್ಮ ಮೇಲೆ ಕನಿಕರ ಬಂದೀತು. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲ. ಜೇನು ಇಲ್ಲ. ಒಳಗೆ ಹುಳ ತುಂಬಿರುವ ಅತ್ತಿಹಣ್ಣು ಇಲ್ಲ. ಮಳೆಗಾಲದಲ್ಲಿ ಹರಿವೆ ಬಸಳೆ ಯಾವ ಸೊಪ್ಪೂ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟವಂತೂ ಇಲ್ಲವೇ ಇಲ್ಲ. ಶಾಲೆಯಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಕುಚ್ಚಲಕ್ಕಿ ಅನ್ನ, ಹೆಸರುಕಾಳಿನ ಗಸಿ, ಬಾಳೆಕಾಯಿ ಪಲ್ಯ ತಯಾರಾಗಿರುತ್ತಿತ್ತು. ಗೆಳತಿಯರು ಆಟಕ್ಕೆ ಹೊರಡುವ ಸಮಯ ನಮಗೆ ರಾತ್ರಿಯೂಟದ ಸಮಯ. ನನಗೆ ಇದರ ಬಗ್ಗೆ ಒಂದು ಕಾಲದಲ್ಲಿ ತುಂಬ ಸಿಟ್ಟಿತ್ತು. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಮನೆಯಲ್ಲಿ ಯಾವ ನಿಯಮವನ್ನೂ ಕಾರಣ ಹೇಳದೆ ಹೇರುತ್ತಿರಲಿಲ್ಲ. ಕೇಳಿದರೆ ಅಜ್ಜಿಯ ಹತ್ತಿರ ಉತ್ತರ ಇರುತ್ತಿತ್ತು, ಉತ್ತರ ಸದಾ ಒಂದೇ ಲೆಕ್ಕದಿಂದ ಬರುತ್ತಿತ್ತು.

ಆ ಲೆಕ್ಕವನ್ನು ಅವಳು ನನಗೆ ಕಲಿಸಿದ್ದು ಅಕ್ಕಿ ಆರಿಸುವಾಗ. ಗೆರಸೆಯನ್ನು ಮೊಣಕಾಲ ಮೇಲಿಟ್ಟು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಹೆಬ್ಬೆರಳು ಮುಟ್ಟಿದ್ದು ತಿಳಿಯುವುದಕ್ಕೆ, ಮುಂದಿನದು ರುಚಿಗೆ, ನಡುಬೆರಳು ವಾಸನೆಗೆ, ಅದರಾಚೆಯದು ಕಣ್ಣಿಗೆ, ಕಿರುಬೆರಳು ಕಿವಿಗೆ. ಮಣ್ಣು, ನೀರು, ಬೆಂಕಿ, ಗಾಳಿ, ಗಿಡ ಇವಕ್ಕೆಲ್ಲ ಹೆಬ್ಬೆರಳು ಮಾತ್ರ. ಎರೆಹುಳ, ಜಿಗಣೆಗಳಿಗೆ ಎರಡು. ಇರುವೆ, ಹೇನು, ಅಕ್ಕಿಹುಳಕ್ಕೆ ಮೂರು. ನೊಣ, ಸೊಳ್ಳೆ, ಚಿಟ್ಟೆಗೆ ನಾಲ್ಕು. ಹಲ್ಲಿ, ಹಕ್ಕಿ, ದನ, ಮನುಷ್ಯನಿಗೆ ಐದು. ಲೋಕದಲ್ಲಿ ಇರುವ ಜೀವಗಳೆಲ್ಲ ಈ ಐದು ಕಪಾಟುಗಳಲ್ಲಿ ಒಂದರಲ್ಲಿ ಇರಬೇಕು. ಕಪಾಟು ಹಿಂದೆಯೂ ಇಷ್ಟೇ ಇತ್ತು, ಮುಂದೆಯೂ ಇಷ್ಟೇ. ಇರುವೆ ಎಂದೆಂದಿಗೂ ಇರುವೆಯೇ. ಅದರೊಳಗಿನ ಜೀವ ಮಾತ್ರ ಸತ್ತು ಹುಟ್ಟಿ ಕಪಾಟು ಬದಲಿಸುತ್ತದೆ. ಮಾವ ಇದನ್ನು ಕೇಳಿ, "ಮನೆಗಳು ಅವೇ, ಬಾಡಿಗೆಯವರು ಬದಲಾಗ್ತಾರೆ ಅಷ್ಟೇ" ಎಂದು ಪತ್ರಿಕೆಯ ಹಿಂದಿನಿಂದ ನಗುತ್ತಿದ್ದರು. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಅದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಅಜ್ಜಿಯ ಖಾರ ಸ್ವಲ್ಪ ಕಡಿಮೆಯಾಗಿದೆ.

ಒಮ್ಮೆ ಹಾವಿನ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. ಅಜ್ಜಿ ಹಾವಿಗೆ ಐದು ಎಂದಳು. ಮಾವ ಪತ್ರಿಕೆ ಮಡಚಿಟ್ಟರು.

"ಹಾವಿಗೆ ಕಿವಿ ಎಲ್ಲಿ ಉಂಟು ಅಮ್ಮಾ? ಶಾಲೆಯಲ್ಲಿ ನಮಗೆ ಹೇಳಿದ್ದಾರೆ, ಹಾವಿಗೆ ಕಿವಿ ಇಲ್ಲ."

"ನಿನಗೆ ಕಾಣುವುದಿಲ್ಲ ಅಂತ ಇಲ್ಲ ಅಂತ ಆಗ್ತದಾ? ನಿನಗೆ ಬುದ್ಧಿ ಉಂಟು ಅಂತ ನಾನು ನಂಬಿದ್ದೇನಲ್ಲ, ನಾನು ಎಲ್ಲಿ ಕಂಡಿದ್ದೇನೆ?"

ಮಾವ ಮತ್ತೆ ಪತ್ರಿಕೆ ಬಿಡಿಸಿದರು. ಹಾವು ನಮ್ಮ ಮನೆಯಲ್ಲಿ ಐದರ ಕಪಾಟಿನಲ್ಲೇ ಉಳಿಯಿತು.

ಈ ಲೆಕ್ಕದಲ್ಲಿ ನನಗೆ ಸಂಕಟ ತಂದ ಒಂದು ಭಾಗವಿತ್ತು. ನಾಲ್ಕು ಇಂದ್ರಿಯದವರೆಗಿನ ಯಾವ ಜೀವಕ್ಕೂ ಅಪ್ಪ ಅಮ್ಮ ಇಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಬೆವರಿನಿಂದ ಹೇನು, ಕೊಳೆತದ್ದರಿಂದ ನೊಣ, ತೇವದಿಂದ ಇರುವೆ, ಅಕ್ಕಿಯ ಬಿಸಿಯಿಂದ ಅಕ್ಕಿಹುಳ ತಾವಾಗಿಯೇ ಹುಟ್ಟುತ್ತವೆ. ಇದಕ್ಕೆ ಶಾಸ್ತ್ರದಲ್ಲಿ ಸಮ್ಮೂರ್ಛನ ಎಂಬ ದೊಡ್ಡ ಹೆಸರಿತ್ತು. ಹೊಟ್ಟೆಯಿಂದ ಹುಟ್ಟುವುದು, ಹಾಲು ಕುಡಿಯುವುದು ಎಲ್ಲ ಐದು ಇಂದ್ರಿಯದವರ ಭಾಗ್ಯ. ಅಕ್ಕಿಹುಳವನ್ನು ಗೆರಸೆಯಲ್ಲಿ ಹೊತ್ತು ಹುಣಸೆಮರದ ನೆರಳಿಗೆ ಬಿಟ್ಟು ಬರುವ ಕೆಲಸ ನನ್ನದು. ಬಿಡುವಾಗ ನನಗೆ ಅಳು ಬರುತ್ತಿತ್ತು. ಇಷ್ಟು ಚಿಕ್ಕದು, ಅಮ್ಮನೂ ಇಲ್ಲ, ಮರದಡಿಯಲ್ಲಿ ಒಂಟಿಯಾಗಿ ಏನು ಮಾಡುತ್ತದೆ ಎಂದು. ನೆರಳಿಗೇ ಬಿಡಬೇಕು, ಬಿಸಿಲಿಗೆ ಬಿಡಲೇಬಾರದು. ಹುಳ ಹಿಡಿದ ಅಕ್ಕಿಯನ್ನು ಬಿಸಿಲಿಗೆ ಹರಡಿದರೆ ಬೇಗ ಹಸನಾಗುತ್ತದೆ ಎಂದು ಊರಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಹಾಗೆ ಮಾಡಿದರೆ ಕೊಲೆ ಮಾಡಿದ ಹಾಗೆ.

ಬಚ್ಚಲಿನ ಒಲೆಗೆ ಬೆಂಕಿ ಹಾಕುವ ಮೊದಲು ಮಾಡಬೇಕಾದ ಒಂದು ಕ್ರಮವನ್ನೂ ಇಲ್ಲಿ ಹೇಳಬೇಕು. ಒಲೆಯ ಪಕ್ಕದ ಸೌದೆಯನ್ನು ಮೊದಲು ಕೋಲಿನಿಂದ ಕುಟ್ಟಬೇಕು. ಆ ಅದುರು ತಾಗಿ ಇರುವೆಗಳು ಹೊರಗೆ ಬರುತ್ತವೆ. ಆಮೇಲೆ ಗಟ್ಟಿಯಾಗಿ ಚಪ್ಪಾಳೆ ತಟ್ಟಬೇಕು. ಸೌದೆಯ ಹಿಂದೆ ಹಲ್ಲಿ, ಓತಿ ಇದ್ದರೆ ಅವು ಓಡುತ್ತವೆ. ಅದುರು ಮೈಯಿಂದ ತಿಳಿಯುವವರಿಗೆ, ಚಪ್ಪಾಳೆ ಕಿವಿ ಇರುವವರಿಗೆ. ಯಾವ ಜೀವ ಎಷ್ಟರದ್ದು ಎಂದು ಅನುಮಾನ ಬಂದರೆ ನಾನು ಇದೇ ಪರೀಕ್ಷೆ ಮಾಡುತ್ತಿದ್ದೆ. ನೊಣದ ಹಿಂದೆ ನಿಂತು ಚಪ್ಪಾಳೆ ತಟ್ಟಿದರೆ ಅದು ಹಾರುತ್ತಿತ್ತು ನಿಜ, ಆದರೆ ಅಜ್ಜಿಯ ಪ್ರಕಾರ ಅದು ಕೈ ಕಂಡು ಹಾರುವುದು, ಸದ್ದು ಕೇಳಿ ಅಲ್ಲ. ಅಜ್ಜಿಯ ಲೆಕ್ಕ ತಪ್ಪುವುದೆಂಬುದೇ ಇರಲಿಲ್ಲ. ತಪ್ಪಿದರೆ ನೊಣದ್ದೇ ತಪ್ಪು.

ಸುಮತಿ ನನಗಿಂತ ಐದಾರು ವರ್ಷ ಚಿಕ್ಕವಳು. ಓಡಾಡುವ ವಯಸ್ಸು ಬಂದು ಹೋದರೂ ಅವಳಿಗೆ ಮಾತು ಬರಲಿಲ್ಲ. ಅಪ್ಪ ಶನಿವಾರ ಬಂದಾಗಲೆಲ್ಲ ಅವಳನ್ನು ಮಂಗಳೂರಿನ ಡಾಕ್ಟರರಿಗೆ ತೋರಿಸಬೇಕು ಎನ್ನುತ್ತಿದ್ದರು. ಅಜ್ಜಿ ಒಪ್ಪುತ್ತಿರಲಿಲ್ಲ.

"ನಮ್ಮ ಕುಟುಂಬದಲ್ಲಿ ಮಾತು ತಡ. ಇವನೇ ನೋಡಿ," ಎಂದು ಮಾವನನ್ನು ತೋರಿಸುತ್ತಿದ್ದಳು. "ನಾಲ್ಕು ವರ್ಷದವರೆಗೆ ಬಾಯಿ ಬಿಡಲಿಲ್ಲ. ಈಗ ನಿಲ್ಲಿಸಲಿಕ್ಕೆ ಆಗ್ತದಾ?"

ಅಪ್ಪ ಆ ಮನೆಯಲ್ಲಿ ನೆಂಟರು, ಹೆಚ್ಚು ಮಾತಾಡುವಂತಿರಲಿಲ್ಲ. ಮಾವನಿಗೂ ತನ್ನನ್ನು ಉದಾಹರಣೆ ಮಾಡಿದ್ದರಿಂದ ಸಮಾಧಾನವೇ ಆಗುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಮಾತಾಡಬೇಕಾದ ಅಮ್ಮ ಏನೂ ಹೇಳುತ್ತಿರಲಿಲ್ಲ. ಅವಳು ಕರೆದರೆ ಸುಮತಿ ತಿರುಗುತ್ತಿದ್ದಳಲ್ಲ, ಅದೇ ಅಜ್ಜಿಗೆ ದೊಡ್ಡ ಸಾಕ್ಷಿ. ಉಪ್ಪರಿಗೆಯ ಬಾಗಿಲಲ್ಲಿ ನಿಂತು "ಸುಮತೀ" ಎಂದರೆ ಮಗು ಆಟ ಬಿಟ್ಟು ತಿರುಗಿ ನೋಡಿ ನಗುತ್ತಿತ್ತು. ಆದರೆ ಅಮ್ಮ ಅಂಗಳದಲ್ಲಿ ಅವಳನ್ನು ಎಂದೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೋಗಿ ಎತ್ತಿಕೊಂಡೇ ಬರುತ್ತಿದ್ದಳು. ಆ ವರ್ಷವೆಲ್ಲ ಅಮ್ಮ ಬಡಕಲಾಗಿ ಹೋಗಿದ್ದಳು. ಮಲಗಿದರೂ ಮಗುವಿನ ಕಾಲಿನ ಮೇಲೆ ಒಂದು ಕೈ ಇಟ್ಟುಕೊಂಡೇ ಮಲಗುತ್ತಿದ್ದಳು. ಯಾರೂ ಅದನ್ನು ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಚಾವಡಿಯಲ್ಲಿ ಸುಮತಿ ಗೋಡೆಗೆ ಮುಖ ಮಾಡಿ ಕೂತು ಕವಡೆ ಜೋಡಿಸುತ್ತಿದ್ದಳು. ಅವಳ ತಲೆಯ ಮೇಲೆಯೇ ಗೋಡೆಯಲ್ಲಿ ಒಂದು ಹಲ್ಲಿ. ಅವಳ ಮೇಲೆ ಬಿದ್ದೀತೆಂದು ನಾನು ಹಿಂದಿನಿಂದ ಜೋರಾಗಿ ಚಪ್ಪಾಳೆ ತಟ್ಟಿದೆ. ಹಲ್ಲಿ ಓಡಿತು. ಸುಮತಿ ಕದಲಲಿಲ್ಲ. ನಾನು ಇನ್ನೊಮ್ಮೆ ತಟ್ಟಿದೆ, ಕಿವಿಯ ಹತ್ತಿರ ತಟ್ಟಿದೆ. ಕವಡೆ ಜೋಡಿಸುತ್ತಲೇ ಇದ್ದಳು. ನನಗೆ ಏನೋ ಹೊಳೆದು ಅವಳನ್ನು ಉಪ್ಪರಿಗೆಗೆ ಕರೆದುಕೊಂಡು ಹೋಗಿ, ಬೆನ್ನು ಮಾಡಿ ಕೂರಿಸಿ, ಹಲಗೆಗೆ ಕಾಲಿನಿಂದ ಕುಟ್ಟಿದೆ. ತಕ್ಷಣ ತಿರುಗಿ ನಕ್ಕಳು. ಸೌದೆಯ ಇರುವೆಯ ಹಾಗೆಯೇ, ಕುಟ್ಟಿದರೆ ಬರುತ್ತದೆ, ಚಪ್ಪಾಳೆಗೆ ಬರುವುದಿಲ್ಲ. ಮುಟ್ಟಿದ್ದು ತಿಳಿಯುತ್ತದೆ, ಬೆಲ್ಲದ ರುಚಿ ತಿಳಿಯುತ್ತದೆ, ಮಲ್ಲಿಗೆ ಮೂಸುತ್ತಾಳೆ, ಕಣ್ಣು ಕಾಣುತ್ತದೆ. ಬೆರಳು ಬಿಡಿಸಿ ಎಣಿಸಿದೆ. ಕಿರುಬೆರಳು ಮಡಚಿಯೇ ಉಳಿಯಿತು.

ಅಂದು ನನಗಾದ ಭಯವನ್ನು ಈಗ ವಿವರಿಸಿದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ನಾಲ್ಕು ಎಂದರೆ ನೊಣದ ಕಪಾಟು. ನಾಲ್ಕು ಎಂದರೆ ಅಪ್ಪ ಅಮ್ಮ ಇಲ್ಲ. ಹಾಗಾದರೆ ಸುಮತಿ ನಮ್ಮ ಅಮ್ಮನ ಮಗಳಲ್ಲ. ತೇವದಿಂದಲೋ ಬಿಸಿಯಿಂದಲೋ ಈ ಮನೆಯ ಯಾವುದೋ ಮೂಲೆಯಲ್ಲಿ ತಾನಾಗಿ ಹುಟ್ಟಿದವಳು. ಅಜ್ಜಿಗೆ ಗೊತ್ತಾದರೆ ಅವಳನ್ನು ಬಯ್ಯುವುದಿಲ್ಲ, ಹೊಡೆಯುವುದಿಲ್ಲ, ತುಂಬ ಜೋಪಾನವಾಗಿ ಎತ್ತಿಕೊಂಡು ಹೋಗಿ ಹುಣಸೆಮರದ ನೆರಳಿನಲ್ಲಿ ಬಿಟ್ಟು ಬರುತ್ತಾಳೆ. ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಏಕೆಂದರೆ ಆ ಮನೆಯಲ್ಲಿ ನಿಯಮ ಎಂದರೆ ನಿಯಮ. ಎರಡು ಮೂರು ದಿನ ನಾನು ಸುಮತಿಯ ಬೆನ್ನು ಬಿಡಲಿಲ್ಲ. ಅವಳು ಹಿತ್ತಲಿಗೆ ಹೋದರೆ ಅಡ್ಡ ನಿಲ್ಲುತ್ತಿದ್ದೆ. ಅಕ್ಕಿ ಆರಿಸುವಾಗ ಸುಮ್ಮನೆ ಕೇಳುವವಳ ಹಾಗೆ ಕೇಳಿದೆ.

"ಅಜ್ಜೀ, ನಾಲ್ಕು ಇಂದ್ರಿಯದ್ದು ಯಾವುದಾದ್ರೂ ಒಂದಾದ್ರೂ ಹೊಟ್ಟೆಯಿಂದ ಹುಟ್ಟುವುದು ಉಂಟಾ?"

"ಇಲ್ಲ."

"ಒಂದೂ ಇಲ್ವಾ?"

"ಇಲ್ಲ ಅಂದ್ರೆ ಇಲ್ಲ ಮಾರಾಯ್ತಿ. ಅಕ್ಕಿ ನೋಡು ನೀನು."

ಅದು ಹೊರಗೆ ಬಂದದ್ದು ಒಂದು ಸಂಜೆಯ ಊಟದಲ್ಲಿ. ಅಪ್ಪ ಊರಲ್ಲಿರಲಿಲ್ಲ. ಅಡುಗೆಮನೆಯ ಪಶ್ಚಿಮದ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಜ್ಜಿ ಅಂದು ಬಹಳ ಉತ್ಸಾಹದಲ್ಲಿದ್ದಳು. ಬಡಿಸುತ್ತಾ ಹೇಳಿದಳು.

"ಶುಕ್ರವಾರ ದಿನ ಒಳ್ಳೆದುಂಟು. ಸುಮತಿಯನ್ನು ಬಸದಿಗೆ ಕರ್ಕೊಂಡು ಹೋಗುವ. ಕಿವಿಯಲ್ಲಿ ಪಂಚನಮಸ್ಕಾರ ಹೇಳಿಸುವ. ಮಂತ್ರ ಕಿವಿಗೆ ಬಿದ್ರೆ ನಾಲಗೆ ತಾನೇ ಏಳ್ತದೆ."

ನನ್ನ ಬಾಯಿಂದ ಅನ್ನದೊಂದಿಗೆ ಮಾತೂ ಬಿತ್ತು.

"ಅವಳಿಗೆ ಆಗುವುದಿಲ್ಲ ಅಜ್ಜೀ. ಅವಳದ್ದು ನಾಲ್ಕೇ. ನಾನು ಎಣಿಸಿ ನೋಡಿದ್ದೇನೆ. ಅವಳನ್ನು ಮರದಡಿಗೆ ಬಿಡುವುದು ಬೇಡ. ಅವಳು ಅಮ್ಮನ ಮಗಳಲ್ಲದಿದ್ರೆ ನಾನು ಸಾಕ್ತೇನೆ."

ಮಾವ ನಗಲು ಬಾಯಿ ತೆರೆದವರು ಅಮ್ಮನ ಮುಖ ನೋಡಿ ಹಾಗೆಯೇ ನಿಂತರು. ಅಮ್ಮ ತಟ್ಟೆಯಿಂದ ಕೈ ತೆಗೆದು ಗೋಡೆಗೆ ಒರಗಿದ್ದಳು. ಅಜ್ಜಿ ನನ್ನನ್ನು ಗದರಿಸಲಿಲ್ಲ. ಸೌಟು ಕೆಳಗಿಟ್ಟಳು, ಸುಮತಿಯ ಹಿಂದೆ ಹೋಗಿ ನಿಂತಳು, ಒಲೆಯ ಮುಂದೆ ತಟ್ಟುವಂತೆ ಚಪ್ಪಾಳೆ ತಟ್ಟಿದಳು. ಸುಮತಿ ಗಸಿಯಲ್ಲಿ ಬೆರಳಾಡಿಸುತ್ತಿದ್ದಳು. ಅಜ್ಜಿ ಮತ್ತೆ ತಟ್ಟಿದಳು. ಆಮೇಲೆ ತಾಮ್ರದ ಹಂಡೆಯ ಮುಚ್ಚಳ ತೆಗೆದು ನೆಲಕ್ಕೆ ಬಿಡಲು ಹೋದಾಗ ನಾನೇ ಕೂಗಿದೆ:

"ನೆಲಕ್ಕೆ ಹಾಕಬೇಡಿ, ಅದುರು ಅವಳಿಗೆ ತಿಳಿತದೆ!"

ಅಜ್ಜಿ ಮುಚ್ಚಳವನ್ನು ಎತ್ತಿ ಹಿಡಿದು ಸೌಟಿನಿಂದ ಬಡಿದಳು. ಮಾವ ಕಿವಿ ಮುಚ್ಚಿಕೊಂಡರು. ಸುಮತಿ ಬೆರಳು ಚೀಪುತ್ತಿದ್ದಳು.

"ಹಾಗಾದ್ರೆ ಅಮ್ಮ ಕರೆದ್ರೆ ಹೇಗೆ ತಿರುಗ್ತದೆ ಮಗು?" ಎಂದು ಮಾವ ಕೇಳಿದರು.

ಅಮ್ಮ ನೆಲ ನೋಡುತ್ತಾ ಹೇಳಿದಳು. "ಕಾಲು ಬಡಿತೇನೆ. ಹೆಸರು ಹೇಳುವಾಗ ಹಲಗೆಗೆ ಮೆಲ್ಲ ಹಿಮ್ಮಡಿ ಬಡಿತೇನೆ. ಅದಕ್ಕೆ ತಿರುಗುವುದು ಅವಳು. ನನಗೆ ಗೊತ್ತುಂಟು, ಮೊದಲೇ ಗೊತ್ತುಂಟು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಅಜ್ಜಿ ಕೇಳಿದಳು.

ಆಗ ಅಮ್ಮ ಹೇಳಿದ್ದನ್ನು ಕೇಳಿದರೆ ಬೇರೆ ಮನೆಯವರಿಗೆ ತಲೆಬುಡ ತಿಳಿಯಲಿಕ್ಕಿಲ್ಲ. ಸುಮತಿ ಹೊಟ್ಟೆಯಲ್ಲಿದ್ದಾಗ ಅಜ್ಜಿ ಬೆಳ್ತಂಗಡಿಯ ನೆಂಟರ ಮನೆಗೆ ಹೋಗಿದ್ದಳು. ಅಮ್ಮನಿಗೆ ಜ್ವರ ಬಂದು ಎದ್ದ ಸುಸ್ತು. ಅಕ್ಕಿಯಲ್ಲಿ ಹುಳ. ನೆರಳಿನಲ್ಲಿ ಹರಡಿ, ಕಾದು, ಗೆರಸೆ ಗೆರಸೆಯಾಗಿ ಆರಿಸಲು ಕೈಯಲ್ಲಿ ಬಲವಿರಲಿಲ್ಲ. ಹಿತ್ತಲಿನ ಬಿಸಿಲಿಗೆ ಚಾಪೆ ಹಾಕಿ ಹರಡಿಬಿಟ್ಟಳು. ಮಧ್ಯಾಹ್ನ ನೋಡುವಾಗ ಚಾಪೆಯ ಅಂಚಿನಲ್ಲಿ ಹುಳಗಳು ಸತ್ತು ಕಪ್ಪು ಗೆರೆ ಎಳೆದ ಹಾಗೆ ಬಿದ್ದಿದ್ದವು. ಗುಡಿಸಿ ಹಾಕಿದಳು, ಯಾರಿಗೂ ಹೇಳಲಿಲ್ಲ. ಆಮೇಲೆ ಸುಮತಿ ಹುಟ್ಟಿದಳು.

"ಅಷ್ಟು ಜೀವ ತೆಗೆದೆ ಅಮ್ಮಾ. ಅದರ ಫಲ ನನಗೆ ಬರಲಿಲ್ಲ, ಹೊಟ್ಟೆಯಲ್ಲಿದ್ದ ಮಗುವಿಗೆ ಬಂತು. ಅವಳ ಕಿವಿ ತೆಗೆದವಳು ನಾನೇ. ಡಾಕ್ಟರರಿಗೆ ತೋರಿಸಿದ್ರೆ ಎಲ್ಲರಿಗೂ ಗೊತ್ತಾಗ್ತದೆ ಅಂತ ಸುಮ್ಮನಿದ್ದೆ."

ಹೀಗೆ ಹೇಳಿ ಅಮ್ಮ ಅತ್ತಳು. ಅಮ್ಮ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಿಟಕಿಯ ಬೆಳಕು ಕೆಂಪಾಗಿ ಕಡಿಮೆಯಾಗುತ್ತಾ ಇತ್ತು. ಯಾರ ತಟ್ಟೆಯೂ ಖಾಲಿಯಾಗಿರಲಿಲ್ಲ. ನನಗೆ ಅಜ್ಜಿಯ ಭಯವೇ ಹೆಚ್ಚಿತ್ತು. ಬಿಸಿಲಿಗೆ ಅಕ್ಕಿ ಹಾಕಿದ್ದನ್ನು ಅಜ್ಜಿಯ ಎದುರು ಒಪ್ಪಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಅಜ್ಜಿ ಸೌಟು, ಮುಚ್ಚಳ ಕೆಳಗಿಟ್ಟಳು. ಆಮೇಲೆ ಬಂದು ಅಮ್ಮನ ಎದುರು ಕೂತಳು. ಮಂಡಿ ಮಡಚಲು ಅವಳಿಗೆ ಕಷ್ಟ, ಆದರೂ ನೆಲದಲ್ಲೇ ಕೂತಳು.

"ಇಷ್ಟು ವರ್ಷ ಶಾಸ್ತ್ರ ಕೇಳಿ ಇದೇ ಏನು ನೀನು ಕಲ್ತದ್ದು? ಅಕ್ಕಿ ಬಿಸಿಲಿಗೆ ಹಾಕಿದ್ದು ತಪ್ಪು. ಅದು ನಿನ್ನದು, ನೀನು ತೀರಿಸ್ಲಿಕ್ಕುಂಟು, ಉಪವಾಸ ಮಾಡು. ಆದ್ರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಅಂಟುವುದಿಲ್ಲ. ಅಪ್ಪನದ್ದು ಮಗನಿಗಿಲ್ಲ, ಅಮ್ಮನದ್ದು ಮಗಳಿಗಿಲ್ಲ. ಅಂಟುವ ಹಾಗಿದ್ರೆ ನನ್ನ ನಾಲಗೆಯ ಪಾಪಕ್ಕೆ ನೀನು ಹುಟ್ಟುವಾಗಲೇ ಮೂಕಿ ಆಗಬೇಕಿತ್ತು."

ಆಮೇಲೆ ನನ್ನ ಕಡೆ ತಿರುಗಿದಳು.

"ನೀನು ಇಲ್ಲಿ ಬಾ. ಲೆಕ್ಕ ತಪ್ಪಿದೆ ನಿಂದು. ನೀನು ಬೆರಳಿನಿಂದ ಹಿಂದೆ ಹೋದೆ. ಹುಟ್ಟಿನಿಂದ ಮುಂದೆ ಬಾ. ಸುಮತಿ ಎಲ್ಲಿಂದ ಬಂದದ್ದು?"

"ಗೊತ್ತಿಲ್ಲ."

"ನನಗೆ ಗೊತ್ತುಂಟು. ಈ ಮನೆಯ ಒಳಕೋಣೆಯಲ್ಲಿ ಇವಳ ಹೊಟ್ಟೆಯಿಂದ ಬಂದದ್ದು, ನಾನೇ ಈ ಕೈಯಲ್ಲಿ ಹಿಡಿದದ್ದು. ಹೊಟ್ಟೆಯಿಂದ ಬಂದದ್ದಕ್ಕೆಲ್ಲ ಎಷ್ಟು?"

"ಐದು."

"ಐದು. ನಾಲ್ಕು ಆಗ್ಲಿಕ್ಕೇ ಇಲ್ಲ. ಹಾಗಾದ್ರೆ ಐದನೆಯದು ಉಂಟು, ಮುಚ್ಚಿ ಹೋಗಿದೆ. ಮುಚ್ಚಿದ್ದು ಏನು ಅಂತ ನೋಡಬೇಕು."

ತನ್ನ ಲೆಕ್ಕ ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಅಜ್ಜಿಗೆ ಆಗ ತಿಳಿದಿರಬೇಕು. ಮಾವನ ಕಡೆ ನೋಡದೆಯೇ ಹೇಳಿದಳು, "ಇವಳ ಅಪ್ಪನಿಗೆ ಹೇಳಿ ಕಳುಹಿಸು. ಸೋಮವಾರ ಎಲ್ಲರೂ ಮಂಗಳೂರಿಗೆ ಹೋಗುವ." ಮಾವ "ಆಯ್ತಮ್ಮ" ಎಂದರು, ಅಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದ್ದನ್ನು ನಾನು ಕಾಣೆ. ಹೊರಗೆ ಹೊತ್ತು ಮುಳುಗಿತ್ತು. ಅಜ್ಜಿ ತನ್ನ ತಟ್ಟೆಯನ್ನು ಸರಿಸಿದಳು. ದೀಪ ಹಚ್ಚಿ ತಂದು ಅಮ್ಮನ ತಟ್ಟೆಯ ಪಕ್ಕದಲ್ಲಿಟ್ಟಳು.

"ನೀನು ಉಣ್ಣು. ಇವತ್ತು ದೀಪದಲ್ಲಿ ಉಣ್ಣು, ಪರವಾಗಿಲ್ಲ. ಹುಳ ಬಿದ್ರೆ ನಾನು ನೋಡ್ತೇನೆ."

ಅಮ್ಮ ಉಂಡಳು. ಆ ಮನೆಯಲ್ಲಿ ದೀಪದ ಬೆಳಕಿನಲ್ಲಿ ಅನ್ನ ಉಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಜ್ಜಿ ಬೀಸಣಿಗೆ ಹಿಡಿದು ತಟ್ಟೆಯ ಪಕ್ಕ ಕೂತಿದ್ದಳು. ನನ್ನ ಭಯ ಹೋಗಿತ್ತು. ಸುಮತಿ ಐದು, ಅಮ್ಮನ ಮಗಳು, ಮರದಡಿಗೆ ಬಿಡುವ ಪ್ರಶ್ನೆಯೇ ಇಲ್ಲ. ಅಷ್ಟು ಚೆನ್ನಾಗಿ ನಾನು ಮೊದಲು ಎಂದೂ ನಿದ್ದೆ ಮಾಡಿರಲಿಲ್ಲ.

ಮಂಗಳೂರಿನ ಡಾಕ್ಟರರು ವಯಸ್ಸಾದವರು, ನಿಧಾನಿ. ಸುಮತಿಯ ಕಿವಿಗೆ ಏನೇನೋ ಇಟ್ಟು ನೋಡಿದರು. ನರದಲ್ಲೇ ತೊಂದರೆ ಇದೆ, ಔಷಧದಿಂದ ಸರಿಯಾಗುವುದಿಲ್ಲ, ಆದರೆ ಇಂಥ ಮಕ್ಕಳಿಗೆ ಓದು ಬರಹ ಕಲಿಸುವ ಶಾಲೆ ಇಲ್ಲೇ ಇದೆ, ಬೇಗ ಸೇರಿಸಿದಷ್ಟೂ ಒಳ್ಳೆಯದು ಎಂದರು. ಹೊಟ್ಟೆಯಲ್ಲಿದ್ದಾಗ ಜ್ವರ ಬಂದು ಮೈಮೇಲೆ ದದ್ದು ಎದ್ದಿತ್ತೇ ಎಂದು ಅಮ್ಮನನ್ನು ಕೇಳಿದರು. ಎದ್ದಿತ್ತು. ಆ ಜ್ವರದಿಂದ ಹೀಗಾಗುವುದುಂಟು ಎಂದರು. ಅಮ್ಮ ಅಷ್ಟಕ್ಕೆ ಬಿಡಲಿಲ್ಲ.

"ಅಕ್ಕಿ ಬಿಸಿಲಿಗೆ ಹಾಕಿದ್ರೆ ಹೀಗೆ ಆಗ್ತದಾ ಡಾಕ್ಟ್ರೇ?"

ಡಾಕ್ಟರರು ಕನ್ನಡಕ ತೆಗೆದು ನೋಡಿದರು. ಬಸುರಿಯಾಗಿದ್ದಾಗ ಬಿಸಿಲಿಗೆ ನಿಂತದ್ದರ ಬಗ್ಗೆ ಕೇಳುತ್ತಿದ್ದಾಳೆ ಎಂದುಕೊಂಡಿರಬೇಕು.

"ಬಿಸಿಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ. ಅಕ್ಕಿಗಂತೂ ಇಲ್ಲವೇ ಇಲ್ಲ."

ಅಜ್ಜಿ ಪಕ್ಕದಿಂದ, "ನಾನು ಹೇಳಲಿಲ್ವಾ?" ಎಂದಳು. ಶಾಸ್ತ್ರವೂ ಡಾಕ್ಟರರೂ ಒಂದೇ ಮಾತು ಹೇಳಿದ್ದರಿಂದ ಅವಳಿಗೆ ಭಾರಿ ಹೆಮ್ಮೆಯಾಗಿತ್ತು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಒರಗಿ ಅಮ್ಮ ನಿದ್ದೆ ಹೋದಳು. ಅವಳ ಕೈ ಮಗುವಿನ ಕಾಲಿನಿಂದ ಜಾರಿ ಸೀಟಿನ ಮೇಲೆ ಬಿದ್ದಿತ್ತು. ಅಪ್ಪ ಸುಮತಿಯನ್ನು ತನ್ನ ತೊಡೆಗೆ ಎಳೆದುಕೊಂಡರು.

ಆಮೇಲಿನ ವರ್ಷಗಳಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅಜ್ಜಿಯ ಕಪಾಟುಗಳನ್ನೆಲ್ಲ ಒಂದೊಂದಾಗಿ ಒಡೆದು ಹಾಕಿದರು. ಜೀವಜಾತಿಗಳು ಇದ್ದಲ್ಲೇ ಇರುವುದಿಲ್ಲ, ಬಹಳ ಬಹಳ ಕಾಲದಲ್ಲಿ ಒಂದರಿಂದ ಇನ್ನೊಂದು ಕವಲೊಡೆಯುತ್ತದೆ, ಇರುವೆಗೂ ನಮಗೂ ಎಲ್ಲೋ ಹಿಂದೆ ಒಂದೇ ಮೂಲವಿದೆ ಎಂದು ಅವರು ಹೇಳಿದಾಗ ನನಗೆ ಮಾವನ ಬಾಡಿಗೆಯವರ ಮಾತು ನೆನಪಾಗಿ ನಗು ಬಂತು. ಬಾಡಿಗೆಯವರಲ್ಲ, ಮನೆಯೇ ಬದಲಾಗುತ್ತದಂತೆ. ಹಿಂದೆ ದೂರದೇಶಗಳ ದೊಡ್ಡ ಪಂಡಿತರು ಕೂಡ ಕೊಳೆತ ಮಾಂಸದಿಂದ ನೊಣ, ಹಳೆ ಬಟ್ಟೆ ಮತ್ತು ಗೋಧಿಯಿಂದ ಇಲಿ, ಮರದಿಂದ ಬಾತುಕೋಳಿ ತಾವಾಗಿ ಹುಟ್ಟುತ್ತವೆ ಎಂದು ನಂಬಿದ್ದರು, ಕಲ್ಲಿನಿಂದ ದೇವದೂತರವರೆಗೆ ಎಲ್ಲವನ್ನೂ ಒಂದು ಏಣಿಯ ಮೆಟ್ಟಿಲುಗಳಲ್ಲಿ ಕೂರಿಸಿದ್ದರು ಎಂದೂ ಓದಿದೆ. ಅಷ್ಟು ದೂರದಲ್ಲಿ ಅಜ್ಜಿಗೆ ನೆಂಟರಿದ್ದಾರೆಂದು ತಿಳಿದು ಸಮಾಧಾನವಾಯಿತು. ಇರುವೆ ಮೊಟ್ಟೆಯಿಡುತ್ತದೆ, ಪ್ರತಿ ಇರುವೆಗೂ ತಾಯಿ ಇದೆ ಎಂದು ಒಂದು ದಿನ ಅಜ್ಜಿಗೆ ಹೇಳಿದೆ. ವಾದಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಹೌದಾ? ಎಲ್ಲದಕ್ಕೂ ಉಂಟಾ?" ಎಂದಳು. "ಒಳ್ಳೆದಾಯ್ತು ಬಿಡು." ಶಾಸ್ತ್ರದಲ್ಲಿ ಹೀಗಿದೆಯಲ್ಲ ಎಂದು ನಾನೇ ಕೆದಕಿದೆ. ಶಾಸ್ತ್ರ ಅವುಗಳನ್ನು ಕೊಲ್ಲಬಾರದು ಅಂತ ಹೇಳಿದೆ, ತಾಯಿ ಇದ್ದರೆ ಇನ್ನೂ ಕೊಲ್ಲಬಾರದು ಎಂದು ಅವಳು ಗೆರಸೆ ಎತ್ತಿಕೊಂಡಳು. ವಾದ ಅಲ್ಲಿಗೇ ಮುಗಿಯಿತು. ಸುಮತಿ ಮಂಗಳೂರಿನ ಶಾಲೆಯಲ್ಲಿ ಓದಿ, ಹೊಲಿಗೆ ಕಲಿತು, ಮುಂದೆ ಪಾಣೆಮಂಗಳೂರಿನಲ್ಲಿ ಅಂಗಡಿ ಇಟ್ಟು, ತನ್ನದೇ ಸಂಸಾರ ಕಟ್ಟಿಕೊಂಡಳು. ಅವಳು ನೊಣದ ಕಪಾಟಿನಲ್ಲಿದ್ದ ಮೂರು ದಿನಗಳ ಕಥೆಯನ್ನು ನಾನು ಬರೆದು ತೋರಿಸಿದಾಗ ಬಿದ್ದು ಬಿದ್ದು ನಕ್ಕಿದ್ದಳು.

ಇವೆಲ್ಲ ಮುಂದಿನ ಮಾತು. ನನ್ನ ಕಣ್ಣಿನಲ್ಲಿ ಉಳಿದಿರುವುದು ಡಾಕ್ಟರರಿಗೆ ತೋರಿಸಿ ಬಂದ ಮರುದಿನದ ಬೆಳಿಗ್ಗೆ. ನಿಜವಾಗಿ ನೋಡಿದರೆ ನಮಗೆ ಸಿಕ್ಕಿದ್ದು ಕೆಟ್ಟ ಸುದ್ದಿ. ಮಗುವಿಗೆ ಎಂದೂ ಕೇಳಿಸುವುದಿಲ್ಲ ಎಂದು ಖಚಿತವಾಗಿತ್ತು. ಆದರೂ ಮನೆ ಹಬ್ಬದ ಮರುದಿನದಂತೆ ಹಗುರವಾಗಿತ್ತು. ಅಜ್ಜಿ ನೀರುದೋಸೆ ಹೊಯ್ಯುತ್ತಿದ್ದಳು. ಅಪ್ಪ ಬೆಳ್ತಂಗಡಿಗೆ ಹೋಗದೆ ಒಂದು ದಿನ ಉಳಿದಿದ್ದರು. ಸುಮತಿ ಅಂಗಳದ ತುದಿಯಲ್ಲಿ ನಮಗೆ ಬೆನ್ನು ಮಾಡಿ ಕೂತು ಮಣ್ಣಿನಲ್ಲಿ ಏನೋ ಕೆದಕುತ್ತಿದ್ದಳು. ಅಮ್ಮ ದೋಸೆಯ ತಟ್ಟೆ ಹಿಡಿದು ಜಗಲಿಗೆ ಬಂದಳು, ಮೆಟ್ಟಿಲಿನ ಮೇಲೆ ನಿಂತಳು, "ಸುಮತೀ... ಓ ಸುಮತೀ..." ಎಂದು ಬೀದಿಯ ಆಚೆ ಮನೆಯವರು ಬಾಗಿಲಿಗೆ ಬರುವಂತೆ ಕರೆದಳು. ಕಾಲು ಬಡಿಯಲಿಲ್ಲ. ಸುಮತಿ ತಿರುಗಲಿಲ್ಲ. ಅಮ್ಮ ನಮ್ಮೆಲ್ಲರ ಮುಖ ನೋಡಿ ನಕ್ಕಳು, ಮತ್ತೊಮ್ಮೆ ಅಷ್ಟೇ ದೊಡ್ಡದಾಗಿ ಮಗಳ ಹೆಸರು ಕೂಗಿದಳು, ಕೂಗುತ್ತಲೇ ಮೆಟ್ಟಿಲಿಳಿದು ಅವಳನ್ನು ಕರೆತರಲು ಹೋದಳು.